ಗಾಯಗೊಂಡ ಎತ್ತನ್ನು ಬಯಲಿಗೆ ಮರಳಿಸುವಿಕೆ

ಗಾಯಗೊಂಡ ಎತ್ತನ್ನು ಬಯಲಿಗೆ ಮರಳಿಸುವಿಕೆ ಎಂದರೆ ಗಾಯ, ಕುಂಟು, ಗೊರಸಿನ ಬಾಧೆ ಅಥವಾ ಶಸ್ತ್ರಚಿಕಿತ್ಸೆಯ ಕಾರಣದಿಂದ ಕೊಟ್ಟಿಗೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಎತ್ತನ್ನು ಹಂತ ಹಂತವಾಗಿ ನಡಿಗೆಗೆ, ಮೇಯುವ ಬಯಲಿಗೆ ಮತ್ತು ಕೊನೆಯಲ್ಲಿ ನೊಗಕ್ಕೆ ಒಗ್ಗಿಸುವ ಪಾಲನಾ ಕ್ರಮವಾಗಿದೆ. ಪಶುವೈದ್ಯಕೀಯದಲ್ಲಿ ಇದನ್ನು ಚಿಕಿತ್ಸೆಯ ಮುಂದುವರಿದ ಭಾಗವೆಂದೇ ಪರಿಗಣಿಸಲಾಗುತ್ತದೆ. ಗಾಯದ ಮೇಲ್ಮೈ ಮಾಗಿ ನೋವು ಕಡಿಮೆಯಾದಾಗ ಪ್ರಾಣಿ ಗುಣಮುಖವಾದಂತೆ ಕಾಣುತ್ತದೆ. ಆದರೆ ಒಳಗಿನ ಅಂಗಾಂಶ ತನ್ನ ಬಲವನ್ನು ಮರಳಿ ಪಡೆಯಲು ಇನ್ನೂ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕಾಗುತ್ತವೆ. ಈ ಅಂತರದಲ್ಲಿ ಎತ್ತನ್ನು ಒಮ್ಮೆಲೇ ಬಿಟ್ಟರೆ ಅಥವಾ ಹೂಡಿದರೆ ಮೊದಲಿನದಕ್ಕಿಂತ ಗಂಭೀರವಾದ ಗಾಯ ಉಂಟಾಗುವ ಸಾಧ್ಯತೆ ಇರುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಒಣಬೇಸಾಯದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಇಲ್ಲಿ ಎತ್ತುಗಳು ಜೋಡಿಯಾಗಿ ದುಡಿಯುವುದರಿಂದ ಒಂದು ಎತ್ತು ಕುಂಟಿದರೆ ಜೋಡಿಯ ಕೆಲಸವೇ ನಿಲ್ಲುತ್ತದೆ.

ಪ್ರಾದೇಶಿಕ ಹಿನ್ನೆಲೆ

ಇಂಡಿ ಮತ್ತು ಸಿಂದಗಿ ಪ್ರದೇಶಗಳು ಜಿಲ್ಲೆಯ ಉತ್ತರದಲ್ಲಿ ಭೀಮಾ ನದಿಯ ಕಡೆಗೂ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಪ್ರದೇಶಗಳು ದಕ್ಷಿಣದಲ್ಲಿ ಕೃಷ್ಣಾ ನದಿಯ ಕಡೆಗೂ ಹರಡಿಕೊಂಡಿವೆ. ಇವುಗಳ ನಡುವೆ ಡೋಣಿ ನದಿ ಹರಿಯುತ್ತದೆ. ಈ ಭಾಗದ ಬಹುಪಾಲು ಭೂಮಿ ಎರೆ ಮಣ್ಣಿನದು. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ ಅಂಟಾಗುತ್ತದೆ. ಒಣಗಿದಾಗ ಕುಗ್ಗಿ, ಗೊರಸು ಸಿಲುಕುವಷ್ಟು ಅಗಲವಾಗಿ ಬಿರುಕು ಬಿಡುತ್ತದೆ. ಈ ಎರಡೂ ಸ್ಥಿತಿಗಳು ಚೇತರಿಸಿಕೊಳ್ಳುತ್ತಿರುವ ಕಾಲಿಗೆ ಅಪಾಯಕಾರಿ.

ಜಿಲ್ಲೆಯಲ್ಲಿ ಕಂಡುಬರುವ ಪ್ರಮುಖ ದುಡಿಮೆಯ ತಳಿ ಖಿಲಾರಿ. ನೆರೆಯ ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳಲ್ಲಿಯೂ ಈ ತಳಿ ವ್ಯಾಪಕವಾಗಿದೆ. ಬೂದು ಮಿಶ್ರಿತ ಬಿಳಿ ಬಣ್ಣ, ಹಿಂದಕ್ಕೆ ಬಾಗಿ ಮೇಲೇರುವ ಉದ್ದನೆಯ ಕೋಡುಗಳು, ಗಟ್ಟಿ ಗೊರಸು ಮತ್ತು ಚುರುಕು ನಡಿಗೆ ಇದರ ಲಕ್ಷಣಗಳು. ಖಿಲಾರಿ ಎತ್ತು ಸ್ವಭಾವತಃ ಬಿರುಸಾದುದು. ಬಹಳ ದಿನ ಕಟ್ಟಿಹಾಕಿದ ನಂತರ ಬಿಟ್ಟಾಗ ಜಿಗಿದು ಓಡುವ ಪ್ರವೃತ್ತಿ ಇದರಲ್ಲಿ ಹೆಚ್ಚು. ಕೃಷ್ಣಾ ಕಣಿವೆ ತಳಿಯ ಎತ್ತುಗಳು ದೊಡ್ಡ ಮೈಕಟ್ಟಿನವು, ನಿಧಾನಗತಿಯವು ಮತ್ತು ಅಂಟುವ ಎರೆ ಭೂಮಿಯ ಉಳುಮೆಗೆ ಹೆಸರಾದವು. ಈ ತಳಿಯ ಸಂಖ್ಯೆ ಈಗ ಬಹಳ ಕುಗ್ಗಿದೆ.

ಹಿಂಗಾರಿ ಬಿಳಿಜೋಳದ ಬಿತ್ತನೆ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಮಣ್ಣಿನಲ್ಲಿ ಹದ ಇರುವ ದಿನಗಳು ಕಡಿಮೆ. ಆ ಹದ ತಪ್ಪಿದರೆ ವರ್ಷದ ಬೆಳೆಯೇ ಕೈತಪ್ಪಬಹುದು. ಆದ್ದರಿಂದ ಪೂರ್ತಿ ಗುಣವಾಗದ ಎತ್ತನ್ನು ಕೂರಿಗೆಗೆ ಹೂಡುವ ಒತ್ತಡ ಈ ಕಾಲದಲ್ಲಿಯೇ ಅತಿ ಹೆಚ್ಚಾಗಿರುತ್ತದೆ. ಒಂದು ವಾರದ ಕೆಲಸಕ್ಕಾಗಿ ಹೂಡಿದ ಎತ್ತು ಶಾಶ್ವತವಾಗಿ ಕುಂಟಾದರೆ ಅದರ ಜೊತೆಗಾರ ಎತ್ತಿಗೆ ಸರಿಹೊಂದುವ ಇನ್ನೊಂದನ್ನು ಕೊಂಡು, ಜೋಡಿಯನ್ನು ಹೊಸದಾಗಿ ಪಳಗಿಸಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ನೆರೆಯವರ ಎತ್ತನ್ನು ಮುಯ್ಯಿಯ ಮೇಲೆ ಪಡೆಯುವುದು, ಜೋಡಿ ಎತ್ತು ಅಥವಾ ಟ್ರ್ಯಾಕ್ಟರನ್ನು ಬಾಡಿಗೆಗೆ ತರುವುದು ರೈತರ ಮುಂದಿರುವ ಪರ್ಯಾಯಗಳು.

ಕೊಟ್ಟಿಗೆ ವಿಶ್ರಾಂತಿಯ ಪರಿಣಾಮಗಳು

ವಿಶ್ರಾಂತಿ ಗಾಯವನ್ನು ಮಾಗಿಸುತ್ತದೆ. ಅದೇ ವೇಳೆಗೆ ದೇಹದ ಉಳಿದ ಭಾಗವನ್ನು ದುರ್ಬಲಗೊಳಿಸುತ್ತದೆ. ದೀರ್ಘಕಾಲ ಕಟ್ಟಿದ ಎತ್ತಿನಲ್ಲಿ ಈ ಕೆಳಗಿನ ಬದಲಾವಣೆಗಳು ಉಂಟಾಗುತ್ತವೆ.

- ಮಾಂಸಖಂಡಗಳು ಕರಗುತ್ತವೆ. ತೊಡೆ ಮತ್ತು ಭುಜದ ಭಾಗಗಳಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿರುತ್ತದೆ.
- ಭಾರ ಬೀಳದ ಮೂಳೆ ತನ್ನ ಗಟ್ಟಿತನವನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಕೀಲುಗಳು ಬಿಗಿಯಾಗುತ್ತವೆ.
- ಸವೆತವಿಲ್ಲದ ಕಾರಣ ಗೊರಸು ಉದ್ದವಾಗಿ ಬೆಳೆಯುತ್ತದೆ. ಸಗಣಿ, ಗಂಜಲದ ತೇವದಲ್ಲಿ ನಿಂತ ಗೊರಸು ಮೆತ್ತಗಾಗಿ, ಕಲ್ಲು ನೆಲಕ್ಕೆ ಬಂದೊಡನೆ ಬೇಗ ನೋಯುತ್ತದೆ.
- ಗಟ್ಟಿ ನೆಲದ ಮೇಲೆ ಮಲಗೇಳುವುದರಿಂದ ಮುಂಗಾಲಿನ ಮಂಡಿ ಮತ್ತು ಹಿಂಗಾಲಿನ ಕೀಲಿನ ಮೇಲೆ ಕೂದಲು ಉದುರುತ್ತದೆ. ಕೆಲವೊಮ್ಮೆ ದ್ರವ ತುಂಬಿದ ಬಾವು ಬರುತ್ತದೆ.
- ಗಾಯವಾಗದ ಕಾಲು ಹೆಚ್ಚಿನ ಭಾರ ಹೊತ್ತು ದಣಿದಿರುತ್ತದೆ. ಆ ಕಾಲಿನ ಗೊರಸಿಗೂ ಬಾಧೆ ತಗಲಬಹುದು.
- ಒಣಮೇವಿಗೆ ಒಗ್ಗಿದ ಜೀರ್ಣಾಂಗ ಹಸಿಮೇವಿಗೆ ಸಿದ್ಧವಾಗಿರುವುದಿಲ್ಲ.

ಮಾಗಿದ ಗಾಯದ ಬಲವೂ ನಿಧಾನವಾಗಿಯೇ ಮರಳುತ್ತದೆ. ಚರ್ಮದ ಗಾಯವು ಮೂರು ವಾರಗಳ ಹೊತ್ತಿಗೆ ಮೂಲ ಬಲದ ಸುಮಾರು ಐದನೆಯ ಒಂದು ಭಾಗವನ್ನು ಮಾತ್ರ ಗಳಿಸಿರುತ್ತದೆ. ತಿಂಗಳುಗಳ ನಂತರವೂ ಅದು ಶೇ. 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸ್ನಾಯುರಜ್ಜು ಮತ್ತು ಅಸ್ಥಿರಜ್ಜುಗಳಿಗೆ ರಕ್ತ ಪೂರೈಕೆ ಕಡಿಮೆ ಇರುವುದರಿಂದ ಅವು ಇನ್ನೂ ನಿಧಾನವಾಗಿ ಮಾಗುತ್ತವೆ. ಆದರೂ ಸಂಪೂರ್ಣ ನಿಶ್ಚಲತೆ ಪರಿಹಾರವಲ್ಲ. ಹೊಸದಾಗಿ ಬೆಳೆಯುವ ಎಳೆಗಳು ಎಳೆತದ ದಿಕ್ಕಿನಲ್ಲಿ ಸಾಲುಗೂಡಲು ಮಿತವಾದ, ನಿಯಂತ್ರಿತವಾದ ಚಲನೆ ಅಗತ್ಯ. ಹಂತಹಂತದ ನಡಿಗೆಗೆ ಇರುವ ವೈಜ್ಞಾನಿಕ ಆಧಾರ ಇದೇ.

ವಿಶ್ರಾಂತಿಗೆ ಕಾರಣವಾಗುವ ಸಾಮಾನ್ಯ ತೊಂದರೆಗಳು

ಹೆಗಲ ಹುಣ್ಣು: ನೊಗ ಉಜ್ಜಿದ ಜಾಗದಲ್ಲಿ ಚರ್ಮ ಸುಲಿದು ಅಥವಾ ಬಾತು ಉಂಟಾಗುವ ಗಾಯ. ನಡಿಗೆಗೆ ಇದರಿಂದ ತೊಂದರೆಯಿಲ್ಲದ ಕಾರಣ ಎತ್ತನ್ನು ಬೇಗನೆ ಬಯಲಿಗೆ ಬಿಡಬಹುದು. ಆದರೆ ಚರ್ಮ ಪೂರ್ತಿ ಕೂಡಿ, ಮುಟ್ಟಿದಾಗ ನೋವು ತೋರದ ಹೊರತು ನೊಗ ಇಡಬಾರದು. ನೊಗದ ಒರಟು ಅಂಚು ಹುಣ್ಣಿಗೆ ಕಾರಣವಾಗಿದ್ದರೆ ಅದನ್ನು ನಯಗೊಳಿಸದೆ ಮತ್ತೆ ಹೂಡಿದಲ್ಲಿ ಹುಣ್ಣು ಮರುಕಳಿಸುತ್ತದೆ.

ಗೊರಸಿನ ಗಾಯ: ಜಾಲಿ ಮುಳ್ಳು, ಮೊಳೆ, ಕಲ್ಲಿನ ಚೂರು ಅಥವಾ ತಪ್ಪಾಗಿ ಬಡಿದ ಲಾಳದ ಮೊಳೆಯಿಂದ ಗೊರಸಿನೊಳಗೆ ಕೀವು ತುಂಬುತ್ತದೆ. ಪಶುವೈದ್ಯರು ಕೀವು ಹೊರಬಿಟ್ಟ ನಂತರ ನೋವು ಬೇಗ ಇಳಿಯುತ್ತದೆ. ಆದರೆ ಜಾನುವಾರುಗಳ ಗೊರಸು ತಿಂಗಳಿಗೆ ಸುಮಾರು 5 ಮಿ.ಮೀ. ಮಾತ್ರ ಬೆಳೆಯುತ್ತದೆ. ಕೆತ್ತಿದ ಅಂಗಾಲು ಮತ್ತೆ ದಪ್ಪವಾಗುವವರೆಗೆ ಕಲ್ಲುನೆಲ ಮತ್ತು ಕೆಸರು ಎರಡರಿಂದಲೂ ಅದನ್ನು ಕಾಪಾಡಬೇಕಾಗುತ್ತದೆ.

ಕಾಲುಬಾಯಿ ರೋಗದ ನಂತರದ ಕುಂಟು: ಗೊರಸುಗಳ ಸೀಳಿನಲ್ಲಿ ಎದ್ದ ಬೊಬ್ಬೆಗಳು ಒಡೆದು ಹುಣ್ಣಾಗುತ್ತವೆ. ನೊಣಗಳಿಂದ ಹುಳು ಬೀಳುವುದೂ ಉಂಟು. ಕೆಲವು ಎತ್ತುಗಳಲ್ಲಿ ಹುಣ್ಣು ಮಾಗಿದ ಮೇಲೂ ಬಿಸಿಲು ತಾಳಲಾಗದೆ ಏದುಸಿರು ಬಿಡುವ ಲಕ್ಷಣ ಉಳಿಯುತ್ತದೆ. ಅಂತಹ ಎತ್ತನ್ನು ಬಿಸಿಲಿನ ಕೆಲಸಕ್ಕೆ ಬಳಸಬಾರದು. ರೋಗ ಹರಡದಂತೆ ಪಶುವೈದ್ಯರು ಸೂಚಿಸಿದ ಅವಧಿಯವರೆಗೆ ಅದನ್ನು ಸಾಮಾನ್ಯ ಮೇವಿನ ಬಯಲಿಗೆ ಮತ್ತು ಕುಡಿಯುವ ನೀರಿನ ತೊಟ್ಟಿಗೆ ಬಿಡಬಾರದು.

ಉಳುಕು ಮತ್ತು ರಜ್ಜುಗಳ ಗಾಯ: ಬಿರುಕಿನಲ್ಲಿ ಕಾಲು ಸಿಲುಕಿದಾಗ, ಜಾರಿದಾಗ ಅಥವಾ ಭಾರದ ಬಂಡಿ ಎಳೆಯುವಾಗ ಉಂಟಾಗುತ್ತದೆ. ಊತ ಇಳಿದರೂ ಗಾಯ ಒಳಗೆ ಉಳಿದಿರುವುದರಿಂದ ಅವಸರದ ತಪ್ಪು ಹೆಚ್ಚಾಗಿ ಇಲ್ಲಿಯೇ ನಡೆಯುತ್ತದೆ.

ಮಂಡಿಚಿಪ್ಪು ಸಿಲುಕುವಿಕೆ: ಹಿಂಗಾಲಿನ ಮಂಡಿಚಿಪ್ಪು ಮೇಲಕ್ಕೆ ಸಿಲುಕಿ, ಕಾಲು ಹಿಂದಕ್ಕೆ ಸೆಟೆದು ಎಳೆದಾಡುವ ಸ್ಥಿತಿ. ಇದು ಭಾರತದ ದುಡಿಯುವ ಜಾನುವಾರುಗಳಲ್ಲಿ ಸಾಮಾನ್ಯ. ಒಳಬದಿಯ ಅಸ್ಥಿರಜ್ಜುವನ್ನು ಕತ್ತರಿಸುವ ಸಣ್ಣ ಶಸ್ತ್ರಚಿಕಿತ್ಸೆಯಿಂದ ಇದು ಸರಿಹೋಗುತ್ತದೆ. ಚಿಕಿತ್ಸೆಯ ನಂತರ ಎತ್ತು ತಕ್ಷಣವೇ ನೇರವಾಗಿ ನಡೆಯುವುದರಿಂದ ವಿಶ್ರಾಂತಿ ಬೇಡವೆಂಬ ಭಾವನೆ ಮೂಡುತ್ತದೆ. ಆದರೆ ಗಾಯ ಮಾಗಿ ಕೀಲು ಸ್ಥಿರವಾಗಲು ಕಾಲಾವಕಾಶ ಬೇಕು.

ಕೋಡಿನ ಮುರಿತ: ಕೋಡಿನ ಬುಡದ ಟೊಳ್ಳು ಭಾಗ ತಲೆಬುರುಡೆಯ ಗಾಳಿಕೋಶಕ್ಕೆ ಕೂಡಿಕೊಂಡಿದೆ. ಬುಡದಲ್ಲಿ ಮುರಿದ ಕೋಡಿನ ಬಾಯಿ ಮುಚ್ಚುವವರೆಗೆ ಎತ್ತನ್ನು ಮಳೆ, ನೊಣ ಮತ್ತು ಹಾಯುವ ದನಗಳಿಂದ ದೂರವಿಡಬೇಕು.

ಮೂಳೆ ಮುರಿತ: ಕಟ್ಟು ಬಿಚ್ಚಿದ ದಿನ ಕಾಲು ಅತ್ಯಂತ ದುರ್ಬಲವಾಗಿರುತ್ತದೆ. ಕ್ಷಕಿರಣ ಪರೀಕ್ಷೆಯ ಸೌಲಭ್ಯ ಇರುವಲ್ಲಿ ಮೂಳೆ ಕೂಡಿರುವುದನ್ನು ಖಚಿತಪಡಿಸಿಕೊಂಡ ನಂತರವೇ ನಡಿಗೆ ಆರಂಭಿಸುವುದು ಕ್ಷೇಮ. ಪ್ರಾಯದ ಎತ್ತಿನ ತೊಡೆಯ ಅಥವಾ ಭುಜದ ಮೂಳೆ ಮುರಿದಿದ್ದರೆ ಅದು ಮತ್ತೆ ದುಡಿಮೆಗೆ ಮರಳುವ ಸಾಧ್ಯತೆ ಕಡಿಮೆ.

ಹೊರಬಿಡುವ ಮುನ್ನ ಪರೀಕ್ಷೆ

ಎತ್ತು ಹೊರಗೆ ಹೋಗಲು ಸಿದ್ಧವಾಗಿದೆಯೇ ಎಂಬುದನ್ನು ಕೇವಲ ಗಾಯವನ್ನು ನೋಡಿ ನಿರ್ಧರಿಸಲಾಗದು. ನಿಂತಾಗ ನಾಲ್ಕೂ ಕಾಲುಗಳ ಮೇಲೆ ಸಮನಾಗಿ ಭಾರ ಹಾಕುತ್ತಿರಬೇಕು. ಮಲಗಿದಲ್ಲಿಂದ ತಡವರಿಸದೆ ಏಳಬೇಕು. ಮೇವು ತಿಂದು ಮೆಲುಕು ಹಾಕುತ್ತಿರಬೇಕು. ದೇಹದ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಗಾಯದ ಕಾಲನ್ನೂ ಅದರ ಜೊತೆಯ ಕಾಲನ್ನೂ ಅಂಗೈಯಿಂದ ಮುಟ್ಟಿ ಹೋಲಿಸಿದಾಗ ಬಿಸಿ ಅಥವಾ ಊತದ ವ್ಯತ್ಯಾಸ ಇರಬಾರದು.

ಬಳಿಕ ಗಟ್ಟಿಯಾದ ಸಮತಟ್ಟು ನೆಲದಲ್ಲಿ ಹಗ್ಗ ಸಡಿಲ ಬಿಟ್ಟು ನಿಧಾನವಾಗಿ ನಡೆಸಿ ನೋಡಲಾಗುತ್ತದೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವ ಕ್ಷಣದಲ್ಲಿ ಎತ್ತು ತಲೆಯನ್ನು ಮೇಲಕ್ಕೆ ಎತ್ತುತ್ತದೆ. ಕುಂಟುವ ಜಾನುವಾರು ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ. ನಿಂತಾಗ ನೇರವಾಗಿರುವ ಬೆನ್ನು ನಡೆಯುವಾಗ ಬಾಗಿದರೆ ಅದು ಕುಂಟಿನ ಆರಂಭಿಕ ಸೂಚನೆ. ಹೈನುರಾಸುಗಳಿಗಾಗಿ 1997ರಲ್ಲಿ ಪ್ರಕಟವಾದ, 1ರಿಂದ 5ರವರೆಗಿನ ನಡಿಗೆಯ ಅಂಕಕ್ರಮ ಈ ಗಮನಿಕೆಯನ್ನೇ ಆಧರಿಸಿದೆ. ಕೊನೆಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಬೇಕು. ನೇರ ನಡಿಗೆಯಲ್ಲಿ ಅಡಗಿರುವ ಕುಂಟು ತಿರುವಿನಲ್ಲಿ ಬಯಲಾಗುತ್ತದೆ.

ಹೊರಬಿಡುವ ಮೊದಲು ಬೆಳೆದ ಗೊರಸನ್ನು ಸವರಿಸಬೇಕು. ಲಾಳ ಬಡಿಸುವುದಿದ್ದರೆ ಗೊರಸು ಗಟ್ಟಿಯಾದ ನಂತರ, ಕೆಲಸಕ್ಕೆ ಮರಳುವ ಹಂತದಲ್ಲಿ ಬಡಿಸುವುದು ಉತ್ತಮ. ಲಾಳಕ್ಕಾಗಿ ಎತ್ತನ್ನು ಹಗ್ಗ ಹಾಕಿ ಕೆಡವುವ ರೂಢಿಯಿದೆ. ಆಗ ಮಾಗುತ್ತಿರುವ ಕಾಲಿಗೆ ಮತ್ತೆ ಪೆಟ್ಟಾಗುವ ಸಂಭವ ಇರುವುದರಿಂದ ಪಶು ಆಸ್ಪತ್ರೆಯ ಕಟ್ಟಿನಲ್ಲಿ ನಿಲ್ಲಿಸಿ ಈ ಕೆಲಸ ಮಾಡಿಸುವುದು ಸುರಕ್ಷಿತ.

ಮರಳಿಸುವ ಹಂತಗಳು

ಕೆಳಗಿನ ಹಂತಗಳ ಅವಧಿ ಗಾಯದ ಸ್ವರೂಪ, ಎತ್ತಿನ ವಯಸ್ಸು ಮತ್ತು ಪಶುವೈದ್ಯರ ಸಲಹೆಗೆ ಅನುಗುಣವಾಗಿ ಬದಲಾಗುತ್ತದೆ. ಸಾಮಾನ್ಯ ನಿಯಮವೆಂದರೆ, ಒಂದು ಹಂತದ ನಂತರದ 24 ಗಂಟೆಗಳಲ್ಲಿ ಕುಂಟು, ಬಿಸಿ ಅಥವಾ ಊತ ಕಾಣದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಬೇಕು. ಕಂಡರೆ ಹಿಂದಿನ ಹಂತಕ್ಕೆ ಮರಳಬೇಕು.

1. ಹಗ್ಗದ ನಡಿಗೆ: ದಿನಕ್ಕೆ ಎರಡು ಬಾರಿ 5ರಿಂದ 10 ನಿಮಿಷ ಸಮತಟ್ಟು ನೆಲದಲ್ಲಿ ನಡೆಸುವುದು. ಕೆಲವು ದಿನಗಳಿಗೊಮ್ಮೆ ಐದೈದು ನಿಮಿಷ ಹೆಚ್ಚಿಸುತ್ತಾ ಅರ್ಧ ಗಂಟೆಗೆ ತರುವುದು. ಎತ್ತಿಗೆ ಪರಿಚಿತರಾದವರೇ ಹಗ್ಗ ಹಿಡಿಯಬೇಕು. ಎತ್ತು ಜಿಗಿದಾಗ ಮೂಗುದಾರವನ್ನು ಜಗ್ಗಿದರೆ ಅದು ತಲೆ ಎತ್ತಿ ಹಿಂಗಾಲಿನ ಮೇಲೆ ಭಾರ ಹಾಕುತ್ತದೆ. ಆದ್ದರಿಂದ ಮೂಗುದಾರದ ಜೊತೆಗೆ ಕೊರಳ ಹಗ್ಗವೂ ಇರುವುದು ಒಳ್ಳೆಯದು.

2. ಸಣ್ಣ ಆವರಣ: ಹಿತ್ತಲು ಅಥವಾ ಬರಿದಾದ ಕಣದಂತಹ, ಓಡಲು ಸ್ಥಳವಿಲ್ಲದ ಜಾಗದಲ್ಲಿ ಬಿಡುವುದು. ಹಸಿದ ಎತ್ತು ಚಡಪಡಿಸುತ್ತದೆ. ಮೇವು, ನೀರು ಕೊಟ್ಟ ನಂತರ, ಗದ್ದಲವಿಲ್ಲದ ಹೊತ್ತಿನಲ್ಲಿ ಬಿಡಬೇಕು. ಆವರಣದೊಳಗೂ ಸ್ವಲ್ಪ ಕಣಿಕೆ ಇಟ್ಟಿದ್ದರೆ ಎತ್ತಿನ ಗಮನ ಓಟಕ್ಕಿಂತ ಮೇವಿನ ಕಡೆಗೆ ತಿರುಗುತ್ತದೆ. ಬಿಡುವ ಮುನ್ನ ಹಗ್ಗ ಹಿಡಿದು ಒಂದು ಸುತ್ತು ನಡೆಸಿದರೆ ಕೀಲುಗಳು ಸಡಿಲಗೊಳ್ಳುತ್ತವೆ. ಜೋಡಿಯ ಎತ್ತನ್ನು ಬೇಲಿಯಾಚೆ ಕಾಣುವಂತೆ ಕಟ್ಟಿದರೆ ಇದು ಶಾಂತವಾಗಿರುತ್ತದೆ.

3. ಮೇಯುವ ಬಯಲು: ಮೊದಲು ಜೋಡಿಯ ಎತ್ತಿನೊಡನೆ ಮಾತ್ರ, ನಂತರ ಉಳಿದ ದನಗಳೊಡನೆ. ದನಗಳ ಗುಂಪಿನಲ್ಲಿ ಮೇಲುಕೀಳಿನ ಶ್ರೇಣಿ ಇರುತ್ತದೆ. ಬಹುದಿನ ದೂರವಿದ್ದ ಎತ್ತು ಮರಳಿದಾಗ ಆ ಶ್ರೇಣಿ ಹಾಯ್ದಾಟದ ಮೂಲಕ ಮತ್ತೆ ನಿರ್ಧಾರವಾಗುತ್ತದೆ. ಚೇತರಿಸಿಕೊಳ್ಳುತ್ತಿರುವ ಎತ್ತು ಅದರಲ್ಲಿ ಬೀಳುವ ಅಪಾಯವಿದೆ. ಬೆದೆಗೆ ಬಂದ ಆಕಳು ಅಥವಾ ಬಿಡುವ ಹೋರಿ ಇರುವ ಗುಂಪಿಗೆ ಬಿಡಬಾರದು. ಮೊದಲ ದಿನ ಒಂದು ಗಂಟೆ ಸಾಕು. ಕ್ರಮೇಣ ಅವಧಿ ಹೆಚ್ಚಿಸಬಹುದು. ಉದ್ದ ಹಗ್ಗದಲ್ಲಿ ಗೂಟಕ್ಕೆ ಕಟ್ಟಿ ಮೇಯಿಸುವುದು ಈ ಹಂತದಲ್ಲಿ ಸೂಕ್ತವಲ್ಲ. ವೇಗವಾಗಿ ಓಡಿದ ಎತ್ತು ಹಗ್ಗದ ತುದಿಯಲ್ಲಿ ಥಟ್ಟನೆ ನಿಂತಾಗ ಅಥವಾ ಹಗ್ಗ ಕಾಲಿಗೆ ಸುತ್ತಿಕೊಂಡಾಗ ಹೊಸ ಗಾಯವಾಗುತ್ತದೆ.

4. ನೊಗ: ಬಯಲಿನಲ್ಲಿ ದಿನವಿಡೀ ಕುಂಟದೆ ಓಡಾಡುವ ಎತ್ತನ್ನು ಮೊದಲು ಬರಿನೊಗದೊಂದಿಗೆ ನಡೆಸಲಾಗುತ್ತದೆ. ನಂತರ ಖಾಲಿ ಬಂಡಿ, ಬಳಿಕ ಎಡೆಕುಂಟೆಯಂತಹ ಹಗುರ ಕೆಲಸ, ಅನಂತರ ಕುಂಟೆ ಮತ್ತು ಕೂರಿಗೆ, ಎಲ್ಲಕ್ಕಿಂತ ಕೊನೆಗೆ ರಂಟೆ ಹಾಗೂ ಭಾರದ ಬಂಡಿ. ಎತ್ತು ಮೊದಲು ದುಡಿಯುತ್ತಿದ್ದ ಬದಿಯಲ್ಲಿಯೇ ಅದನ್ನು ಹೂಡಬೇಕು. ನೊಗದ ನಡುವಿನ ಕಟ್ಟನ್ನು ಬಲವಾದ ಎತ್ತಿನ ಕಡೆಗೆ ಸ್ವಲ್ಪ ಸರಿಸಿದರೆ, ಸನ್ನೆಯ ತತ್ತ್ವದಂತೆ, ಉದ್ದ ತೋಳಿನ ಕಡೆ ಇರುವ ದುರ್ಬಲ ಎತ್ತಿನ ಮೇಲೆ ಭಾರ ಕಡಿಮೆಯಾಗುತ್ತದೆ.

ನೆಲ ಮತ್ತು ಹವಾಮಾನ

ಎರೆ ಹೊಲ ಬೇಸಿಗೆಯಲ್ಲಿ ಬಿರುಕಿನಿಂದಲೂ, ಮಳೆಯ ಮರುದಿನ ಅಂಟುಕೆಸರಿನಿಂದಲೂ ಅಪಾಯಕಾರಿ. ಕೆಸರಿನಲ್ಲಿ ಕಾಲು ಹೂತಾಗ ಅದನ್ನು ಎಳೆದುಕೊಳ್ಳುವ ಪ್ರಯತ್ನವೇ ರಜ್ಜುಗಳಿಗೆ ದೊಡ್ಡ ಹೊರೆ. ಮೊದಲ ವಾರಗಳಿಗೆ ಮಸಬು ಅಥವಾ ಮರಳು ಮಿಶ್ರಿತ, ಸಮತಟ್ಟಾದ ಒಣನೆಲ ಉತ್ತಮ. ಕಲ್ಲಿನ ಒಡ್ಡು, ಹಳ್ಳದ ದಡ, ಕಾಲುವೆಯ ಏರಿ, ತೆರೆದ ಬಾವಿ ಮತ್ತು ಜಾಲಿ ಮುಳ್ಳಿನ ಬೇಲಿ ಇರುವಲ್ಲಿ ಬಿಡಬಾರದು. ಆಲಮಟ್ಟಿ ಜಲಾಶಯದ ಕಾಲುವೆಗಳು ಹಾದುಹೋಗುವ ಊರುಗಳಲ್ಲಿ ನೀರು ಕುಡಿಯಲು ಇಳಿಜಾರಿಗೆ ಇಳಿಯುವ ಎತ್ತು ಜಾರುವ ಸಂಭವ ಇರುವುದರಿಂದ, ನೀರನ್ನು ಬಯಲಿನಲ್ಲಿಯೇ ತೊಟ್ಟಿಯಲ್ಲಿ ಒದಗಿಸಬೇಕು.

ಏಪ್ರಿಲ್–ಮೇ ತಿಂಗಳುಗಳಲ್ಲಿ ಈ ಭಾಗದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೆರಳಿನಲ್ಲಿ ವಾರಗಟ್ಟಲೆ ಇದ್ದ ಎತ್ತು ಬಿಸಿಲಿಗೆ ಒಗ್ಗಲು ಸಮಯ ಬೇಕು. ಬೆಳಗಿನ ಜಾವ ಮತ್ತು ಇಳಿಹೊತ್ತು ಹೊರಬಿಡಲು ತಕ್ಕ ಸಮಯ.

ಮೇವಿನ ಬದಲಾವಣೆ

ಗುಣಮುಖವಾದ ಕಾಲಿನ ಎತ್ತು ಬಯಲಿಗೆ ಬಂದ ದಿನವೇ ಹೊಟ್ಟೆಯ ಕಾರಣದಿಂದ ಸಾಯುವ ಅಪಾಯವಿದೆ. ಜಾನುವಾರುಗಳ ದೊಡ್ಡಹೊಟ್ಟೆಯಲ್ಲಿ ಮೇವನ್ನು ಹುದುಗಿಸುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಎರಡು–ಮೂರು ವಾರ ಹಿಡಿಯುತ್ತದೆ. ಆದ್ದರಿಂದ ಹೊರಬಿಡುವುದಕ್ಕೆ ಮೊದಲೇ ಗೋದಲಿಯಲ್ಲಿ ಕಣಿಕೆ, ಹೊಟ್ಟಿನೊಂದಿಗೆ ಸ್ವಲ್ಪ ಸ್ವಲ್ಪ ಹಸಿಮೇವು ಬೆರೆಸಿ ಕೊಡಬೇಕು.

ಜೋಳದ ನಾಡಾದ ಈ ಪ್ರದೇಶದಲ್ಲಿ ಎಳೆಜೋಳದ ವಿಷಬಾಧೆಯ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಎಳೆಯ ಜೋಳ, ಮಳೆಯಿಲ್ಲದೆ ಬಾಡಿ ಕುಗ್ಗಿದ ಜೋಳ ಮತ್ತು ಕೊಯ್ಲಿನ ನಂತರ ಚಿಗುರಿದ ಕೂಳೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ರಾಸಾಯನಿಕ ಅಧಿಕವಾಗಿರುತ್ತದೆ. ಹಸಿದ ಎತ್ತು ಇದನ್ನು ಒಮ್ಮೆಗೇ ಹೆಚ್ಚು ತಿಂದರೆ ನಿಮಿಷಗಳಲ್ಲಿ ಏದುಸಿರು, ನಡುಕ, ಕುಸಿತ ಕಾಣಿಸಿಕೊಂಡು ಸಾವು ಸಂಭವಿಸಬಹುದು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಇದರ ಪ್ರತ್ಯೌಷಧಗಳು. ಇವುಗಳನ್ನು ಪಶುವೈದ್ಯರು ರಕ್ತನಾಳಕ್ಕೆ ನೀಡುತ್ತಾರೆ. ರಾಶಿಯ ಕಾಲದಲ್ಲಿ ಕಣದ ಕಾಳನ್ನು ಅತಿಯಾಗಿ ತಿಂದ ಎತ್ತಿನ ಹೊಟ್ಟೆಯಲ್ಲಿ ಆಮ್ಲತೆ ಏರುತ್ತದೆ. ಇದರಿಂದ ಗೊರಸಿನ ಒಳಪದರ ಉರಿಗೊಂಡು ಹೊಸ ಕುಂಟು ಹುಟ್ಟುವುದೂ ಉಂಟು. ಇಬ್ಬನಿಯಿಂದ ತೊಯ್ದ ಎಳೆಯ ದ್ವಿದಳ ಸಸ್ಯಗಳು ಹೊಟ್ಟೆಯುಬ್ಬರಕ್ಕೆ ಕಾರಣವಾಗುತ್ತವೆ.

ನೋವುನಿವಾರಕ ಮತ್ತು ಮತ್ತು ಬರಿಸುವ ಔಷಧಗಳು

ನೋವುನಿವಾರಕದ ಪ್ರಭಾವದಲ್ಲಿರುವ ಎತ್ತಿನ ನಡಿಗೆಯನ್ನು ಪರೀಕ್ಷಿಸಿ ಅದು ಗುಣವಾಗಿದೆ ಎಂದು ತೀರ್ಮಾನಿಸಬಾರದು. ನೋವು ಪ್ರಾಣಿ ತನ್ನ ಕಾಲನ್ನು ತಾನೇ ಕಾಪಾಡಿಕೊಳ್ಳುವ ಬಗೆ. ಔಷಧದಿಂದ ನೋವು ಮರೆಯಾದಾಗ ಎತ್ತು ದುರ್ಬಲ ಕಾಲಿನ ಮೇಲೆ ಪೂರ್ತಿ ಭಾರ ಹಾಕುತ್ತದೆ. ರಣಹದ್ದುಗಳ ಸಾಮೂಹಿಕ ಸಾವಿಗೆ ಕಾರಣವೆಂದು ತಿಳಿದುಬಂದ ಮೇಲೆ ಭಾರತದಲ್ಲಿ ಜಾನುವಾರುಗಳಿಗೆ ಡೈಕ್ಲೋಫಿನಾಕ್ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಮೆಲಾಕ್ಸಿಕಾಮ್ ಅದರ ಬದಲಿಗೆ ಬಳಕೆಯಲ್ಲಿದೆ.

ತೀರಾ ಬಿರುಸಾದ ಪ್ರಾಣಿಗಳಿಗೆ ಮೊದಲ ಬಾರಿ ಹೊರಬಿಡುವಾಗ ಪಶುವೈದ್ಯರು ಶಾಂತಗೊಳಿಸುವ ಔಷಧ ನೀಡುವುದುಂಟು. ಇದು ಕುದುರೆಗಳಲ್ಲಿ ಹೆಚ್ಚು ರೂಢಿಯಲ್ಲಿದೆ. ಝೈಲಜೀನ್ ಎಂಬ ಔಷಧಕ್ಕೆ ದನಗಳು ಅತಿ ಸೂಕ್ಷ್ಮವಾಗಿದ್ದು, ಕುದುರೆಗೆ ಬೇಕಾದ ಪ್ರಮಾಣದ ಸುಮಾರು ಹತ್ತನೆಯ ಒಂದು ಭಾಗವೇ ಅವುಗಳಿಗೆ ಸಾಕಾಗುತ್ತದೆ. ಆದ್ದರಿಂದ ಇಂತಹ ಔಷಧಗಳನ್ನು ಪಶುವೈದ್ಯರಲ್ಲದವರು ಬಳಸುವುದು ಮಾರಕವಾಗಬಹುದು.

ಅಪಾಯದ ಸೂಚನೆಗಳು

ಈ ಕೆಳಗಿನವುಗಳಲ್ಲಿ ಯಾವುದಾದರೂ ಕಂಡುಬಂದರೆ ಎತ್ತನ್ನು ಕೊಟ್ಟಿಗೆಗೆ ತಂದು ಪಶುವೈದ್ಯರನ್ನು ಕರೆಸಬೇಕು.

- ಕಾಲನ್ನು ನೆಲಕ್ಕೆ ಊರದಿರುವುದು ಅಥವಾ ಬೆರಳಿನ ತುದಿಯಲ್ಲಿ ಮಾತ್ರ ಊರುವುದು
- ಹಿಂದಿನ ದಿನ ಇರದಿದ್ದ ಊತ, ಬಿಸಿ ಅಥವಾ ಕೀವು
- ಗಾಯದಿಂದ ದುರ್ವಾಸನೆ, ಹುಳು ಅಥವಾ ರಕ್ತ ಸುರಿಯುವುದು
- ಮೇವು ಬಿಡುವುದು, ಮೆಲುಕು ನಿಲ್ಲುವುದು, ಎಡಹೊಟ್ಟೆ ಉಬ್ಬುವುದು
- ಮಲಗಿದ ಎತ್ತು ಏಳದಿರುವುದು

ಕರ್ನಾಟಕದಲ್ಲಿ ಪಶು ಸಂಜೀವಿನಿ ಸಂಚಾರಿ ಪಶು ಚಿಕಿತ್ಸಾ ಸೇವೆಯನ್ನು 1962 ಸಂಖ್ಯೆಯ ಉಚಿತ ಸಹಾಯವಾಣಿಯ ಮೂಲಕ ಪಡೆಯಬಹುದು. ನಡೆಯಲಾಗದ ಎತ್ತನ್ನು ಬಂಡಿಯಲ್ಲಿ ಹೇರಿ ಆಸ್ಪತ್ರೆಗೆ ಸಾಗಿಸುವಾಗ ಆಗುವ ಹೆಚ್ಚುವರಿ ಪೆಟ್ಟನ್ನು ಇದು ತಪ್ಪಿಸುತ್ತದೆ.

ಕುದುರೆಯೊಂದಿಗೆ ಹೋಲಿಕೆ

ಕೊಟ್ಟಿಗೆ ವಿಶ್ರಾಂತಿಯ ನಂತರ ಪ್ರಾಣಿಯನ್ನು ಹಂತಹಂತವಾಗಿ ಬಯಲಿಗೆ ಬಿಡುವ ಕ್ರಮ ಕುದುರೆ ಸಾಕಣೆಯಲ್ಲಿ ಬಹಳ ವಿವರವಾಗಿ ಬೆಳೆದಿದೆ. ವಿಜಯಪುರ ನಗರದ ಟಾಂಗಾ ಕುದುರೆಗಳಿಗೂ ಅದೇ ಮೂಲತತ್ತ್ವ ಅನ್ವಯಿಸುತ್ತದೆ. ಆದರೆ ಎರಡು ಪ್ರಾಣಿಗಳ ನಡುವೆ ಮುಖ್ಯ ವ್ಯತ್ಯಾಸಗಳಿವೆ. ಕುದುರೆ ಬೆದರಿ ಓಡುವ ಸ್ವಭಾವದ ಪ್ರಾಣಿ; ಬಿಟ್ಟ ಮೊದಲ ಕೆಲವು ನಿಮಿಷಗಳಲ್ಲಿಯೇ ನಾಗಾಲೋಟಕ್ಕೆ ತೊಡಗಿ ಮತ್ತೆ ಗಾಯಗೊಳ್ಳುತ್ತದೆ. ಎತ್ತಿನ ಭಾರ ಪ್ರತಿ ಕಾಲಿನಲ್ಲಿ ಎರಡು ಗೊರಸುಗಳಿಗೆ ಹಂಚಿಕೆಯಾಗುತ್ತದೆ. ಒಂದು ಗೊರಸು ಗಾಯಗೊಂಡಾಗ ಪಕ್ಕದ ಗೊರಸಿಗೆ ಮರದ ತುಂಡು ಅಂಟಿಸಿ ಭಾರವನ್ನು ಅದಕ್ಕೆ ವರ್ಗಾಯಿಸಬಹುದು. ಒಂಟಿ ಗೊರಸಿನ ಕುದುರೆಗೆ ಈ ಅನುಕೂಲವಿಲ್ಲ. ಗಾಯವಾದ ಕುದುರೆ ಒಂದೇ ಕಾಲಿನ ಮೇಲೆ ಬಹಳ ದಿನ ಭಾರ ಹಾಕಿದರೆ ಆ ಕಾಲಿನ ಗೊರಸಿನ ಒಳಪದರ ಕಳಚಿಕೊಳ್ಳುವ ಗಂಭೀರ ಸ್ಥಿತಿ ಉಂಟಾಗಬಹುದು. ಮೇವಿನ ದಿಢೀರ್ ಬದಲಾವಣೆಯಿಂದ ಕುದುರೆಗೆ ಹೊಟ್ಟೆಶೂಲೆ ಬರುತ್ತದೆ. ಗಾಯದಿಂದ ಹರಡುವ ಧನುರ್ವಾಯುವಿಗೆ ಕುದುರೆ ದನಕ್ಕಿಂತ ಬಹಳ ಬೇಗ ತುತ್ತಾಗುವುದರಿಂದ ಲಸಿಕೆ ಅತ್ಯಗತ್ಯ.

ಆಚರಣೆಗಳು ಮತ್ತು ಕಾನೂನು

ಬಸವನ ಬಾಗೇವಾಡಿ 12ನೆಯ ಶತಮಾನದ ಬಸವಣ್ಣನವರ ಜನ್ಮಸ್ಥಳ. ‘ಬಸವ’ ಎಂಬುದು ‘ವೃಷಭ’ ಶಬ್ದದ ತದ್ಭವ ರೂಪ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಸೋಮವಾರ ಎತ್ತು ಹೂಡದಿರುವ ರೂಢಿಯಿದೆ. ಈ ರೂಢಿಯಿಂದ ದುಡಿಯುವ ಎತ್ತುಗಳಿಗೆ ವಾರಕ್ಕೊಂದು ವಿಶ್ರಾಂತಿಯ ದಿನ ದೊರೆಯುತ್ತದೆ. ನೊಗದಡಿಯ ಹುಣ್ಣು, ಗೊರಸಿನ ಬಿರುಕುಗಳನ್ನು ನೋಡಿಕೊಳ್ಳಲು ಆ ದಿನ ಅನುಕೂಲಕರ. ಮುಂಗಾರಿನ ಆರಂಭದಲ್ಲಿ ಬರುವ ಕಾರ ಹುಣ್ಣಿಮೆಯಂದು ಎತ್ತುಗಳನ್ನು ಸಿಂಗರಿಸಿ, ಕರಿ ಹರಿಯಲು ಓಡಿಸಲಾಗುತ್ತದೆ. ಚೇತರಿಕೆಯ ಹಂತದಲ್ಲಿರುವ ಎತ್ತನ್ನು ಪೂಜೆ, ಸಿಂಗಾರಗಳಿಗೆ ಸೀಮಿತಗೊಳಿಸಿ ಓಟದಿಂದ ಹೊರಗಿಡುವುದು ಕ್ಷೇಮ. ಸಂಕ್ರಾಂತಿಯ ವೇಳೆಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜಾನುವಾರು ಸಂತೆಗೆ ದೂರದಿಂದ ನಡೆಸಿಕೊಂಡು ಹೋಗುವುದೂ ಅಂತಹ ಎತ್ತಿಗೆ ಹಿತವಲ್ಲ. ಕೊಳ್ಳುವವರು ಸಂತೆಯಲ್ಲಿ ಎತ್ತನ್ನು ಎರಡೂ ಕಡೆಗೆ ತಿರುಗಿಸಿ, ಗಟ್ಟಿ ನೆಲದಲ್ಲಿ ನಡೆಸಿ ನೋಡಿದರೆ ಅಡಗಿರುವ ಕುಂಟನ್ನು ಗುರುತಿಸಬಹುದು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ರೋಗ, ಗಾಯ, ಹುಣ್ಣು ಅಥವಾ ವಯಸ್ಸಿನಿಂದ ಅಸಮರ್ಥವಾದ ಪ್ರಾಣಿಯನ್ನು ದುಡಿಸುವುದು ಅಪರಾಧ. ಈ ಕಾಯ್ದೆಯಡಿ 1965ರಲ್ಲಿ ರಚಿಸಲಾದ ನಿಯಮಗಳು ಬಂಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು 9 ಗಂಟೆಗಳಿಗಿಂತ ಹೆಚ್ಚು, ಅಥವಾ ಬಿಡುವಿಲ್ಲದೆ 5 ಗಂಟೆಗಳಿಗಿಂತ ಹೆಚ್ಚು ಬಳಸುವುದನ್ನು ನಿಷೇಧಿಸುತ್ತವೆ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಳಸುವುದಕ್ಕೂ ನಿಷೇಧವಿದೆ. ಎತ್ತಿನ ಗಾಡಿ ಓಟ ಮತ್ತು ಕಂಬಳಕ್ಕೆ ಅವಕಾಶ ಕಲ್ಪಿಸಿದ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಗಾಯಗೊಂಡ ಪ್ರಾಣಿಯನ್ನು ದುಡಿಸಬಾರದೆಂಬ ಮೂಲ ನಿಯಮ ಹಾಗೆಯೇ ಉಳಿದಿದೆ.